ರಾಕ್ ತಂಡವೂ ನಮ್ಮೂರ ಭಜನಾ ಮೇಳವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ರಾಕ್ ಸಂಗೀತದ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ವಚನ, ತತ್ವಪದ, ಡೊಳ್ಳಿನ ಪದಗಳನ್ನು ಕೇಳುತ್ತ ಬೆಳೆದ ನಾಗಣಸೂರಿನಂಥ ಗಡಿನಾಡ ಊರಿಗೂ ವಿದ್ಯುತ್ ಗಿಟಾರಿಗೂ ಏನು ಸಂಬಂಧ? ಆದರೆ ನಮ್ಮ ಮಕ್ಕಳ ಕಿವಿಗೆ ಇಂದು ಮೊಬೈಲಿನ ಮೂಲಕ ಯಾವ ಸಂಗೀತ ತಲುಪುತ್ತಿದೆ, ಅದರಲ್ಲಿ ಕನ್ನಡದ ಪಾಲೆಷ್ಟು ಎಂದು ವಿಚಾರಿಸಿದವರಿಗೆ ಈ ಪ್ರಶ್ನೆ ದೂರದ್ದೆನಿಸಲಾರದು. ಸ್ವತಂತ್ರ ರಾಕ್ ತಂಡಗಳು ಹುಟ್ಟಿದ ಬಗೆಯನ್ನು ನೋಡಿದರೆ ಅದು ನಮ್ಮ ಭಜನಾ ಮೇಳಗಳು ಹುಟ್ಟಿದ ಬಗೆಗಿಂತ ಬಹಳ ಬೇರೆಯಲ್ಲ. ಅದರಿಂದ ಕನ್ನಡ ಶಾಲೆಯೊಂದು ಕಲಿಯಬೇಕಾದುದು ಸಾಕಷ್ಟಿದೆ ಎಂಬುದು ನನ್ನ ಅಭಿಪ್ರಾಯ.

ಜಗತ್ಪ್ರಸಿದ್ಧವಾದ ಎರಡು ತಂಡಗಳ ಮೂಲ ಶಾಲೆಯಲ್ಲಿಯೇ ಇದೆ. ಐರ್ಲೆಂಡಿನ ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯಲ್ಲಿ 1976ರಲ್ಲಿ ಲ್ಯಾರಿ ಮಲೆನ್ ಎಂಬ 14 ವರ್ಷದ ಹುಡುಗ, ತನ್ನೊಡನೆ ನುಡಿಸಲು ಸಂಗಾತಿಗಳು ಬೇಕೆಂದು ಸೂಚನಾ ಫಲಕಕ್ಕೆ ಒಂದು ಚೀಟಿ ಅಂಟಿಸಿದ. ಬಂದ ಹುಡುಗರು ಅವನ ಮನೆಯ ಅಡುಗೆಮನೆಯಲ್ಲಿ ಕೂಡಿದರು. ಅದೇ ಮುಂದೆ ‘ಯೂ2’ ತಂಡವಾಯಿತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಲೆನನ್ 1956ರಲ್ಲಿ ಸಹಪಾಠಿಗಳೊಡನೆ ಕಟ್ಟಿದ ತಂಡಕ್ಕೆ ತನ್ನ ಕ್ವಾರಿ ಬ್ಯಾಂಕ್ ಶಾಲೆಯ ನೆನಪಿನಲ್ಲಿ ‘ಕ್ವಾರಿಮೆನ್’ ಎಂದೇ ಹೆಸರಿಟ್ಟಿದ್ದ. 1957ರ ಜುಲೈ 6ರಂದು ಒಂದು ಚರ್ಚಿನ ಜಾತ್ರೆಯಲ್ಲಿ ಅವನಿಗೆ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಆ ಸ್ನೇಹದಿಂದ ‘ಬೀಟಲ್ಸ್’ ಮೂಡಿತು.

ಇವರೆಲ್ಲ ಸಂಗೀತವನ್ನು ಎಲ್ಲಿಂದ ತಂದರು? ಲೆನನ್ನನಿಗೆ ಮೊದಲ ಪಾಠ ಹೇಳಿದವಳು ತಾಯಿ ಜೂಲಿಯಾ. ಅವಳು ಬ್ಯಾಂಜೋ ನುಡಿಸುತ್ತಿದ್ದಳು. ಮೆಕಾರ್ಟ್ನಿಯ ತಂದೆ ಕೆಲಸದ ಬಿಡುವಿನಲ್ಲಿ ಜಾಝ್ ತಂಡ ನಡೆಸಿದವನು. ರಿಂಗೋ ಸ್ಟಾರ್ ಬಾಲ್ಯದ ದೀರ್ಘ ಕಾಯಿಲೆಯಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ತಾಳ ಬಡಿಯಲು ಕಲಿತವನು. ಒಬ್ಬೊಬ್ಬರು ತಮ್ಮ ಮನೆಯಿಂದ, ಓಣಿಯಿಂದ ಬುತ್ತಿ ಕಟ್ಟಿಕೊಂಡು ಬಂದು ಒಂದೆಡೆ ಬಿಚ್ಚಿದ್ದಾರೆ. ಆ ಸಹಭೋಜನಕ್ಕೆ ತಂಡವೆಂದು ಹೆಸರು.

ಇದು ಪರದೇಶದ ಮಾತಾಯಿತು ಎನ್ನುವವರಿಗೆ ಕನ್ನಡದ್ದೇ ಉದಾಹರಣೆಯಿದೆ. ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಅವರು ಮೊದಲು ಕಲಿತದ್ದು ಭರತನಾಟ್ಯ. ಅದರಲ್ಲಿ ವಿದ್ವತ್ ಮುಗಿಸಿದವರು. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಗಿಟಾರ್ ಕೈಗೆ ಬಂದದ್ದು ಕಾಲೇಜಿನ ಸಹಪಾಠಿಯೊಬ್ಬನ ಮೂದಲಿಕೆಗೆ ಪಂಥ ಕಟ್ಟಿದ್ದರಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಮೊದಲ ತಂಡ ‘ಅಂತರಾಗ್ನಿ’ ರೂಪುಗೊಂಡಾಗ ಜೊತೆಗೆ ಪಿಟೀಲು ಹಿಡಿದವರು ಕರ್ನಾಟಕ ಸಂಗೀತದಲ್ಲಿ ಪಳಗಿದ ಎಚ್. ಎನ್. ಭಾಸ್ಕರ್. ನೃತ್ಯ ಬಲ್ಲ ಗಾಯಕ, ಶಾಸ್ತ್ರೀಯ ಪಿಟೀಲು, ಪಾಶ್ಚಾತ್ಯ ಗಿಟಾರ್ ಇವು ಒಂದೇ ವೇದಿಕೆಯಲ್ಲಿ ಸೇರಿದ್ದು ಹೀಗೆ. ಆ ತಂಡ ಚದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬಂದಿತು. ಹಾಡುಗಳನ್ನು ಹೊರತರಲು ಧ್ವನಿಮುದ್ರಣ ಸಂಸ್ಥೆಗಳು ಹಲವು ವರ್ಷ ಮುಂದಾಗಲಿಲ್ಲ. ಕೊನೆಗೆ ಹಿಂದಿ ಚಿತ್ರಸಂಗೀತದ ವಿಶಾಲ್ ಮತ್ತು ಶೇಖರ್ ಅವರ ಬೆಂಬಲದಿಂದ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. 2011ರಲ್ಲಿ ಅದೇ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿತು.

ಆ ಆಲ್ಬಮ್ಮಿನಲ್ಲಿ ಇದ್ದುದೇನು? ಶಿಶುನಾಳ ಶರೀಫರ ಎರಡು ತತ್ವಪದಗಳು. ಶಿಗ್ಗಾವಿ ಸೀಮೆಯ ಶರೀಫ ಸಾಹೇಬರು (1819-1889) ಸ್ವತಃ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರ ಪದಗಳನ್ನು ಸಿ. ಅಶ್ವತ್ಥ್ ಅವರು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದ ಸಂಗೀತವೂ ಅವರದೇ. ಮುಂದಿನ ತಲೆಮಾರಿಗೆ, ಅದರಲ್ಲಿಯೂ ಕನ್ನಡವನ್ನು ಓದಲಾರದ ನಗರದ ಹುಡುಗರಿಗೆ, ಅದೇ ಪದ ಗಿಟಾರಿನ ಮೇಲೇರಿ ಬಂದಿತು. ಏಕತಾರಿಯಿಂದ ಹಾರ್ಮೋನಿಯಂಗೆ, ಅಲ್ಲಿಂದ ಗಿಟಾರಿಗೆ ವಾಹನ ಬದಲಾಯಿತು, ಪದ ಉಳಿಯಿತು.

2002ರಲ್ಲಿ ಆರಂಭವಾದ ‘ಸ್ವರಾತ್ಮ’ ತಂಡದ ಕಥೆಯೂ ಇಂಥದೇ. ಮುಂಗಾಯಕ ವಾಸು ದೀಕ್ಷಿತ್ ಮೈಸೂರಿನವರು. ಅವರೊಡನೆ ನುಡಿಸಿದವರಲ್ಲಿ ಜಿಷ್ಣು ದಾಸ್‌ಗುಪ್ತ, ಮಾಂಟ್ರಿ ಮ್ಯಾನುಯೆಲ್ ಮುಂತಾದವರಿದ್ದಾರೆ. 2009ರ ಮೊದಲ ಆಲ್ಬಮ್ಮಿನಲ್ಲಿ ಹಿಂದಿಯ ಜೊತೆಗೆ ಕನ್ನಡವೂ ಇದೆ. ಬೇರೆ ಬೇರೆ ಮನೆಮಾತಿನವರು ಕೂಡಿ ಕನ್ನಡ ಹಾಡುವುದು ಸಾಧ್ಯವೆಂಬುದು ಮರಾಠಿ, ಉರ್ದು, ತೆಲುಗುಗಳ ನೆರೆಹೊರೆಯಲ್ಲಿ ಬಾಳುವ ನಮಗೆ ಸಣ್ಣ ಮಾತಲ್ಲ.

ವಿದೇಶೀ ವಾದ್ಯಗಳಿಂದ ನಮ್ಮ ಪದಗಳು ಕೆಡುತ್ತವೆ ಎಂಬ ಆಕ್ಷೇಪ ಸಹಜ. ಆದರೆ ನಮ್ಮ ಭಜನೆಯ ನಡುವೆ ಕುಳಿತಿರುವ ಪೇಟಿ ಎಲ್ಲಿಯದು? ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ, 19ನೆಯ ಶತಮಾನದಲ್ಲಿ. ಅದು ಭಾರತೀಯ ಸಂಗೀತಕ್ಕೆ ಒಗ್ಗದೆಂದು 1940ರಲ್ಲಿ ಆಕಾಶವಾಣಿ ನಿಷೇಧ ಹೇರಿತ್ತು. ಅದು ಸಡಿಲವಾದದ್ದು ಮೂರು ದಶಕಗಳ ಮೇಲೆ. ಅಷ್ಟೂ ಕಾಲ ಹಳ್ಳಿಯ ಭಜನಾ ಮೇಳಗಳು ಪೇಟಿಯನ್ನು ಕೆಳಗಿಡಲಿಲ್ಲ. ಪಿಟೀಲೂ ಯುರೋಪಿನಿಂದ ಬಂದದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ತಮ್ಮದನ್ನಾಗಿ ಮಾಡಿಕೊಂಡರು. ವಾದ್ಯಕ್ಕೆ ಜಾತಿಯಿಲ್ಲ, ಗಡಿಯೂ ಇಲ್ಲ. ಆಕ್ಷೇಪದಲ್ಲಿ ಒಂದು ಮಾತು ಮಾತ್ರ ಸತ್ಯ: ಅಬ್ಬರದಲ್ಲಿ ಪದದ ಅರ್ಥ ಮುಳುಗಬಾರದು. ತತ್ವಪದದ ಜೀವ ಅದರ ಮಾತಿನಲ್ಲಿದೆ. ಅದನ್ನು ಕಾಯಬೇಕಾದರೆ ಹುಡುಗರ ಪಕ್ಕದಲ್ಲಿ ಪದದ ಒಳಾರ್ಥ ಬಲ್ಲ ಹಿರಿಯರಿರಬೇಕು. ಹುಡುಗರನ್ನು ದೂರವಿಟ್ಟರೆ ಆ ಕೆಲಸವಾಗದು.

ನಮ್ಮ ಸೀಮೆಯ ಬುತ್ತಿ ಬಡವಾದುದಲ್ಲ. ಸೊನ್ನಲಿಗೆಯ ಸಿದ್ಧರಾಮನ ವಚನಗಳು ಈ ಮಣ್ಣಿನವು. ಶ್ರಾವಣದ ಭಜನೆ, ಕಣದ ಹಂತಿಪದ, ಬೀಸುವ ಕಲ್ಲಿನ ಪದ, ಬೀರಪ್ಪನ ಡೊಳ್ಳಿನ ಹಾಡು, ಮೊಹರಮ್ಮಿನ ರಿವಾಯತ್ ಪದ ಎಲ್ಲವೂ ಇಲ್ಲಿ ಬಾಳಿವೆ. ದಪ್ಪು, ತುಂತುಣಿ, ಒಬ್ಬ ಮುಮ್ಮೇಳದವ, ಇಬ್ಬರು ಹಿಮ್ಮೇಳದವರು ಇರುವ ಗೀಗೀ ಮೇಳಕ್ಕೂ ಇಂದಿನ ತಂಡಕ್ಕೂ ರಚನೆಯಲ್ಲಿ ಎಷ್ಟು ಅಂತರ? ಭಾಷೆಯ ಗಡಿಯನ್ನು ಸಂಗೀತ ಎಂದೂ ಲೆಕ್ಕಿಸಿಲ್ಲ. ಧಾರವಾಡದ ಬಳಿಯ ಮಲ್ಲಿಕಾರ್ಜುನ ಮನ್ಸೂರರು ನಾಟಕ ಕಂಪನಿಯ ಬಾಲನಟರಾಗಿದ್ದು, ಮಿರಜದ ನೀಲಕಂಠಬುವಾ ಅವರಲ್ಲಿಯೂ ಮುಂಬಯಿಯ ಮಂಜಿಖಾನ್, ಬುರ್ಜಿಖಾನ್ ಅವರಲ್ಲಿಯೂ ಕಲಿತು, ಕೊನೆಗೆ ಕನ್ನಡ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಅಮರರಾದರು.

ಇಷ್ಟೆಲ್ಲ ಹೇಳಲು ಕಾರಣವಿದೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳು ಶಾಲೆ ಮುಗಿಸಿದೊಡನೆ ಹೆಚ್ಚಾಗಿ ಮರಾಠಿ ಇಲ್ಲವೆ ಇಂಗ್ಲಿಷಿನ ಕಡೆಗೆ ತಿರುಗುತ್ತಾರೆ. ಉದ್ಯೋಗದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಕನ್ನಡ ಪರೀಕ್ಷೆಯ ವಿಷಯವಾಗಿಯಷ್ಟೇ ಉಳಿದರೆ, ಪರೀಕ್ಷೆ ಮುಗಿದ ದಿನವೇ ಅದರ ಕೆಲಸವೂ ಮುಗಿಯುತ್ತದೆ. ಹದಿನೈದನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಕೂಡಿ ಹಾಡಿದ ಹಾಡಿನ ಭಾಷೆ ಹಾಗಲ್ಲ; ಪುಣೆಗೆ ಹೋದರೂ ಮುಂಬಯಿಗೆ ಹೋದರೂ ಅದು ನಾಲಗೆಯನ್ನು ಬಿಡುವುದಿಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ, ಫಲಕ ಹಾಕಿಸುವ ಉತ್ಸಾಹದಲ್ಲಿ ಒಂದು ಪಾಲನ್ನು ಶಾಲೆಯ ವಾದ್ಯದ ಕೋಣೆಗೆ ಮೀಸಲಿಡೋಣ. ಅಲ್ಲಿ ಒಂದು ಪೇಟಿ, ಒಂದು ಜೊತೆ ತಬಲಾ, ಹಲಗಿ, ಏಕತಾರಿ, ಎರಡು ಗಿಟಾರ್ ಇರಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತಾಸು ಬಾಗಿಲು ತೆರೆದಿರಲಿ. ಊರ ಭಜನಾ ಮೇಳದ ಹಿರಿಯರೊಬ್ಬರು ಬಂದು ಪದ ಹೇಳಿಕೊಡಲಿ. ರಾಗವನ್ನೂ ಲಯವನ್ನೂ ಹುಡುಗರು ತಮಗೆ ತಿಳಿದಂತೆ ಕಟ್ಟಲಿ. ಹೆಣ್ಣುಮಕ್ಕಳಿಗೆ ಅಲ್ಲಿ ಸಮಾನ ಜಾಗವಿರಲಿ. ಬೀಸುವ ಪದಗಳನ್ನು ಉಳಿಸಿಕೊಂಡು ಬಂದವರು ಅವರ ಅಜ್ಜಿಯರೇ ಅಲ್ಲವೇ? ಷರತ್ತು ಒಂದೇ: ವರ್ಷಕ್ಕೊಮ್ಮೆ ಸ್ನೇಹಸಮ್ಮೇಳನದಲ್ಲಿ ಆ ತಂಡ ತಾನೇ ಕಟ್ಟಿದ ಒಂದು ಕನ್ನಡ ಹಾಡನ್ನು ಹಾಡಬೇಕು.

ಎಲ್ಲರೂ ಕಲಾವಿದರಾಗಲಾರರು, ಆಗಬೇಕಾಗಿಯೂ ಇಲ್ಲ. ಡಬ್ಲಿನ್ನಿನ ಆ ಹುಡುಗನಿಗೆ ಬೇಕಾಗಿದ್ದುದು ಒಂದು ಸೂಚನಾ ಫಲಕ ಮತ್ತು ಅದರ ಮೇಲೆ ಚೀಟಿ ಅಂಟಿಸಲು ಒಪ್ಪಿಗೆ. ಅಷ್ಟನ್ನು ನಮ್ಮ ಶಾಲೆಯೂ ಕೊಡಬಲ್ಲುದು.