ಅಟ್ಟಣಿಗೆಯೂ ಅಹಿಂಸೆಯೂ

ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕಕ್ಕೆ 58 ಅಡಿಯ ಬಾಹುಬಲಿಮೂರ್ತಿಯ ಹಿಂದೆ ಉಕ್ಕಿನ ಅಟ್ಟಣಿಗೆ ಎದ್ದಿತು. ಕಲಶ ಹಿಡಿದ ಶ್ರಾವಕರು ಅದರ ಮೇಲೆ ನಿರ್ಭಯವಾಗಿ ನಿಂತರು. ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಜಿನಾಲಯದ ಶಿಖರಕ್ಕೆ ಬಣ್ಣ ಬಳಿಯುವ ಕೂಲಿಕಾರನಿಗೆ ಮಾತ್ರ ಹಗ್ಗ ಬಿಗಿದ ಸರ್ವೆ ಗಳವೇ ಸಾಕೆಂಬುದು ಯಾವ ನ್ಯಾಯ?

ಚೌಕಟ್ಟಿನ ಅಟ್ಟಣಿಗೆಗೆ ಬಾಡಿಗೆ ಹೆಚ್ಚಂತೆ! ಕಲಶದ ಸವಾಲಿನಲ್ಲಿ ಈ ಲೆಕ್ಕ ಯಾರಿಗೂ ನೆನಪಾಗದು. ಬಾಡಿಗೆಗೆ ತಂದರೂ ಕಾಲಡಿಗೆ ತಟ್ಟೆ, ಚೌಕಟ್ಟುಗಳ ನಡುವೆ ಓರೆಪಟ್ಟಿ, ಗೋಡೆಗೆ ಬಿಗಿತ, ಮೇಲೆ ಕೈತಡೆ ಇಲ್ಲದಿದ್ದರೆ ಅದೂ ಮೃತ್ಯುವಿನ ಮೆಟ್ಟಿಲೇ.

ನೀರನ್ನು ಸೋಸಿ ಕುಡಿಯುವವರು ಇದನ್ನು ನೋಡದಿರುವುದೇ ಪ್ರಮಾದ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಗುತ್ತಿಗೆದಾರನಿಗೆ ಒಪ್ಪಿಸಿದೆವೆಂದರೆ ದೋಷ ತಪ್ಪದು. ಕೃತದಂತೆ ಕಾರಿತವೂ ಅನುಮೋದನೆಯೂ ಆಸ್ರವಕ್ಕೆ ದ್ವಾರ. ಟ್ರಸ್ಟುಗಳು ಮುಂದಿನ ಟೆಂಡರಿನಲ್ಲಿ ಅಟ್ಟಣಿಗೆಯ ವೆಚ್ಚವನ್ನು ಪ್ರತ್ಯೇಕ ಬಾಬಾಗಿ ಬರೆಯಲಿ; ಆಗ ದರ ಇಳಿಸಲು ಅದನ್ನು ಯಾರೂ ಕತ್ತರಿಸಲಾರರು.