ಪೆಟ್ಟಿಗೆಯ ಮೇಲೆ ಪೆಟ್ಟಿಗೆ

ಗೃಹಕೃತ್ಯದ ವಸ್ತುಗಳಲ್ಲಿ ಟಿಫಿನ್ ಕ್ಯಾರಿಯರಿನಷ್ಟು ವಿಧೇಯವಾದುದು ಇನ್ನೊಂದಿಲ್ಲ. ಒಂದರ ಮೇಲೊಂದು ಕುಳಿತ ನಾಲ್ಕು ಬಟ್ಟಲುಗಳು. ಸಾರು ಅನ್ನಕ್ಕೆ ತಗಲದು, ಪಲ್ಯ ಮೊಸರಿಗೆ ತಗಲದು. ಪಕ್ಕದ ಕೊಂಡಿಯನ್ನು ಬಿಗಿದರೆ ಊಟವೆಲ್ಲ ಒಂದೇ ಕೈಯಲ್ಲಿ ಹೊರಡುತ್ತದೆ. ಆದರೆ ಆ ನಾಲ್ಕರಲ್ಲಿ ಒಂದು ಬಟ್ಟಲು ಕಳೆದುಹೋಗಲಿ, ಆಗ ತಿಳಿಯುತ್ತದೆ ಅದರ ಹಟ. ಪಾತ್ರೆಯಂಗಡಿಯಲ್ಲಿ ಅದೇ ಅಗಲದ ಬಟ್ಟಲು ದೊರೆಯುತ್ತದೆ; ಹಳೆಯದಕ್ಕಿಂತ ಹೊಳಪೂ ಹೆಚ್ಚಾಗಿರುತ್ತದೆ. ಮನೆಗೆ ತಂದು ಕೂರಿಸಿದರೆ ಅಂಚು ಅಂಚಿಗೆ ಕೂರದು, ಕೊಂಡಿ ಮುಚ್ಚಳವನ್ನು ಮುಟ್ಟದು. ಒಂದು ಕೂದಲೆಳೆಯ ವ್ಯತ್ಯಾಸಕ್ಕೆ ಇಡೀ ಕ್ಯಾರಿಯರು ಅಟ್ಟ ಸೇರುತ್ತದೆ.

ಅಡಿಗೆಮನೆಯ ಈ ಪುಟ್ಟ ದುಃಖವೇ ಕುಶಲಕರ್ಮಿಗಳ ಲೋಕದಲ್ಲಿ ದೊಡ್ಡದೊಂದು ಸಮಸ್ಯೆಯಾಗಿ ಬೆಳೆದಿದೆ. ಉಳಿ, ಬಾಚಿ, ಗರಗಸಗಳನ್ನು ಗೋಣಿಯ ಚೀಲದಲ್ಲಿ ಸುತ್ತಿ ಹೆಗಲಿಗೇರಿಸಿ ಬರುವ ಬಡಗಿಯನ್ನು ಕಾಣದವರು ನಮ್ಮಲ್ಲಿ ವಿರಳ. ಆ ಚೀಲಕ್ಕೆ ಹಳತು ಹೊಸತೆಂಬ ಭೇದವಿಲ್ಲ. ಏನು ತುರುಕಿದರೂ ಹಿಡಿಯುತ್ತದೆ. ಆದರೆ ಕೈ ಉಪಕರಣಗಳ ಜಾಗಕ್ಕೆ ವಿದ್ಯುತ್ತಿನ ಯಂತ್ರಗಳು ಬಂದ ಮೇಲೆ ಚೀಲ ಸಾಲದಾಯಿತು. ತೂತು ಕೊರೆಯುವುದಕ್ಕೊಂದು, ಉಜ್ಜುವುದಕ್ಕೊಂದು, ಕತ್ತರಿಸುವುದಕ್ಕೊಂದು ಯಂತ್ರ. ಪ್ರತಿಯೊಂದಕ್ಕೂ ಅದರದೇ ಬಿಡಿಭಾಗಗಳ ಪರಿವಾರ. ಅವನ್ನೆಲ್ಲ ಬೇರೆ ಬೇರೆಯಾಗಿ ಇಡಬೇಕು, ಒಟ್ಟಾಗಿಯೂ ಒಯ್ಯಬೇಕು. ಈ ಎರಡು ಬೇಡಿಕೆಗಳಿಗೂ ಒಂದೇ ಉತ್ತರವಾಗಿ ಹುಟ್ಟಿದ್ದು ಒಂದರ ಮೇಲೊಂದು ಕೂತು ಬೀಗಗೊಳ್ಳುವ ಪ್ಲಾಸ್ಟಿಕ್ ಪೆಟ್ಟಿಗೆ.

ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಇಲ್ಲರ್‌ಟಿಸೆನ್ ಎಂಬ ಸಣ್ಣ ಊರಿದೆ. ಅಲ್ಲಿನ ಟಾನೋಸ್ ಸಂಸ್ಥೆ 1993ರಲ್ಲಿ ‘ಸಿಸ್ಟೇನರ್’ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಮರಗೆಲಸದ ಯಂತ್ರಗಳಿಗೆ ಹೆಸರಾದ ಫೆಸ್ಟೂಲ್ ಇದರ ಸೋದರ ಸಂಸ್ಥೆ. ಪೆಟ್ಟಿಗೆಯ ತಳ ಸುಮಾರು 400 ಮಿಲಿಮೀಟರ್ ಉದ್ದ, 300 ಮಿಲಿಮೀಟರ್ ಅಗಲ. ಈ ಅಳತೆಯ ಹಿಂದೆ ಒಂದು ಲೆಕ್ಕಾಚಾರವಿದೆ. ಯೂರೋಪಿನಲ್ಲಿ ಸರಕು ಸಾಗಿಸುವ ಮರದ ಅಡಿಹಲಗೆ 1200ಕ್ಕೆ 800 ಮಿಲಿಮೀಟರಿನದು. ಇಂಥ ಪೆಟ್ಟಿಗೆಗಳು ಒಂದು ಸಾಲಿಗೆ ಎಂಟರಂತೆ ಎಡೆಬಿಡದೆ ಅದರ ಮೇಲೆ ಕೂರುತ್ತವೆ. ಎತ್ತರ ಮಾತ್ರ ಬೇರೆ ಬೇರೆ. ನಾಲ್ಕು ಚಿಲಕಗಳನ್ನು ಹಾಕಿದರೆ ಪೆಟ್ಟಿಗೆ ಪೆಟ್ಟಿಗೆಗೆ ಬೆಸೆದುಕೊಂಡು, ಅಟ್ಟಿಯೆಲ್ಲ ಒಂದೇ ದೇಹವಾಗುತ್ತಿತ್ತು.

ಈ ಏರ್ಪಾಡಿನಲ್ಲಿ ಒಂದೇ ಒಂದು ಕೊರತೆಯಿತ್ತು. ಬೇಕಾದ ಮೊಳೆ ಯಾವಾಗಲೂ ಕೆಳಗಿನ ಪೆಟ್ಟಿಗೆಯಲ್ಲಿಯೇ ಇರುತ್ತದೆ! ಅದನ್ನು ತೆಗೆಯಬೇಕಾದರೆ ಚಿಲಕಗಳನ್ನು ಬಿಚ್ಚಿ, ಮೇಲಿನವನ್ನು ಇಳಿಸಿ, ಕೆಲಸವಾದ ಬಳಿಕ ಮತ್ತೆ ಏರಿಸಬೇಕು. ದಿನಕ್ಕೆ ಹತ್ತು ಬಾರಿ ಇದನ್ನು ಮಾಡುವವನ ಬೆನ್ನಿಗೇ ಗೊತ್ತು ಅದರ ಬೆಲೆ. 2010ರಲ್ಲಿ ಅದಕ್ಕೆ ಪರಿಹಾರ ಬಂತು. ನಾಲ್ಕು ಚಿಲಕಗಳ ಜಾಗದಲ್ಲಿ ಮುಂಭಾಗಕ್ಕೆ ಒಂದೇ ತಿರುಗುಚಿಲಕ. ಅದರ ಆಕಾರ ಇಂಗ್ಲಿಷಿನ ‘ಟಿ’ ಅಕ್ಷರದಂತೆ. ಆದುದರಿಂದಲೇ ‘ಟಿ-ಲಾಕ್’ ಎಂಬ ಹೆಸರು. ಒಂದು ಕಡೆಗೆ ತಿರುಗಿಸಿದರೆ ಮುಚ್ಚಳ ತೆರೆಯುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಮೇಲಿನ ಪೆಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ಸೊಗಸೆಂದರೆ, ಮೇಲಿನವನ್ನು ಬಿಡಿಸದೆಯೇ ಕೆಳಗಿನದನ್ನು ತೆರೆಯಬಹುದು.

ಆದರೆ ಈ ಹೊತ್ತಿಗೆ ಮೊದಲ ಪೆಟ್ಟಿಗೆ ಹುಟ್ಟಿ ಹದಿನೇಳು ವರ್ಷಗಳಾಗಿದ್ದವು. ವರ್ಷಕ್ಕೊಂದೆರಡರಂತೆ ಕೂಡಿಟ್ಟ ಹಣದಲ್ಲಿ ಕೊಂಡು, ಗೋಡೆಯುದ್ದಕ್ಕೂ ಹಳೆಯ ಪೆಟ್ಟಿಗೆಗಳನ್ನು ಜೋಡಿಸಿಕೊಂಡವರು ಎಷ್ಟೋ ಮಂದಿ. ಅವರ ಗತಿ ಏನು? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಮನುಷ್ಯರ ಸಂಸಾರಕ್ಕೆ ಹೇಳಿದ್ದು. ಪೆಟ್ಟಿಗೆಗಳ ಸಂಸಾರದಲ್ಲಿ ಅತ್ತೆ ಸೊಸೆಯರಿಬ್ಬರೂ ಒಂದೇ ಕಾಲದಲ್ಲಿ, ಒಂದೇ ಅಟ್ಟಿಯಲ್ಲಿ, ಒಬ್ಬರ ತಲೆಯ ಮೇಲೊಬ್ಬರು ಬಾಳಬೇಕಾಗುತ್ತದೆ. ಟಾನೋಸ್ ಸಂಸ್ಥೆ ಇದನ್ನು ಮರೆಯಲಿಲ್ಲ. ಹೊಸ ಪೆಟ್ಟಿಗೆಯ ತಳ ಹಳೆಯದರ ತಲೆಗೂ, ಹಳೆಯದರ ತಳ ಹೊಸದರ ತಲೆಗೂ ಹೊಂದುವಂತೆ ರೂಪಿಸಿತು. ಹೊಸ ಅನುಕೂಲವೇನೋ ಹಳೆಯದಕ್ಕೆ ಬರಲಿಲ್ಲ. ಅಡಿಯಲ್ಲಿ ಹಳೆಯ ಪೆಟ್ಟಿಗೆಯಿದ್ದರೆ ಹಳೆಯ ಪಾಡೇ. ಆದರೂ ಸಂಸಾರ ಒಡೆಯಲಿಲ್ಲ.

ಮೂರನೆಯ ಪೀಳಿಗೆ 2020ರಲ್ಲಿ ಬಂತು. ವ್ಯಾನುಗಳ ಒಳಗೆ ಕಪಾಟು ಕಟ್ಟುವ ‘ಬಾಟ್’ ಎಂಬ ಜರ್ಮನ್ ಸಂಸ್ಥೆಯ ಸಹಯೋಗದಲ್ಲಿ ಇದನ್ನು ರೂಪಿಸಲಾಯಿತು. ಪೆಟ್ಟಿಗೆಯ ಎರಡು ಪಕ್ಕಗಳಲ್ಲಿಯೂ ಉದ್ದನೆಯ ಕೊರಕಲುಗಳನ್ನು ಇರಿಸಿದರು. ಅವುಗಳ ಬಲದಿಂದ ಪೆಟ್ಟಿಗೆ ಮೇಜಿನ ಡ್ರಾಯರಿನಂತೆ ಕಪಾಟಿನೊಳಕ್ಕೆ ಜಾರುತ್ತದೆ. ಇಲ್ಲಿಯೂ ಹಳೆಯ ಪೀಳಿಗೆಗಳೊಡನೆ ಬೀಗ ಬೆಸೆಯುತ್ತದೆ. ತಳದ ಅಳತೆಯೂ ಅದೇ. ಕೊಟ್ಟ ಮಾತು ಉಳಿಯಿತು ಎನ್ನೋಣವೆಂದರೆ, ತೊಡಕು ಬೇರೊಂದು ಬಾಗಿಲಿನಿಂದ ಒಳಗೆ ಬಂದಿತ್ತು. ಬದಲಾದದ್ದು ಎತ್ತರ.

ಟಿ-ಲಾಕ್ ಪೆಟ್ಟಿಗೆಗಳ ಎತ್ತರ 105, 157.5, 210, 315 ಮತ್ತು 420 ಮಿಲಿಮೀಟರ್. ಇದರಲ್ಲಿ ಒಂದು ಲಯವಿದೆ. 105ರ ಎರಡರಷ್ಟು 210, ಮೂರರಷ್ಟು 315, ನಾಲ್ಕರಷ್ಟು 420. ಮೂರನೆಯ ಪೀಳಿಗೆಯಲ್ಲಿ ಮಧ್ಯಮ ಅಗಲದ ಪೆಟ್ಟಿಗೆಗಳ ಎತ್ತರ 112, 137, 187, 237, 287, 337 ಮತ್ತು 437. ಎರಡು ಪಟ್ಟಿಗಳನ್ನೂ ಎದುರುಬದುರು ಇಟ್ಟು ನೋಡಿದರೆ ಒಂದು ಸಂಖ್ಯೆಯೂ ಇನ್ನೊಂದರಲ್ಲಿ ಸಿಗುವುದಿಲ್ಲ. ಬರಿಯ ಅಟ್ಟಿಗೆ ಇದರಿಂದ ಬಾಧಕವಿಲ್ಲ. ಆದರೆ ಬಡಗಿ ಎಂದರೆ ಕೈಕಟ್ಟಿ ಕೂರುವವನೇ? ತನ್ನ ಪೆಟ್ಟಿಗೆಗಳ ಅಳತೆಗೆ ಸರಿಯಾಗಿ ಪ್ಲೈವುಡ್ಡಿನ ಬೀರುವನ್ನು ತಾನೇ ಕಟ್ಟಿಕೊಂಡಿರುತ್ತಾನೆ. 105ರ ಪೆಟ್ಟಿಗೆಗೆಂದು ಬಿಗಿಯಾಗಿ ಅಳೆದು ಮಾಡಿದ ಗೂಡಿನಲ್ಲಿ 112ರ ಪೆಟ್ಟಿಗೆ ತೂರುವುದಿಲ್ಲ. ಕೇವಲ 7 ಮಿಲಿಮೀಟರ್! ಬೀರುವಿನ ಹಲಗೆಗೆ ಕರುಣೆಯಿಲ್ಲ. ಇತ್ತ ಹೊಸ ಕಪಾಟನ್ನು ಕೊಂಡವನ ತಾಪತ್ರಯ ಇದರ ತಿರುವುಮುರುವು: ಹಳೆಯ ಪೆಟ್ಟಿಗೆಗಳಿಗೆ ಪಕ್ಕದ ಕೊರಕಲಿಲ್ಲ, ಆದುದರಿಂದ ಅವು ಅಲ್ಲಿ ತೂಗಿ ನಿಲ್ಲಲಾರವು.

ಇಷ್ಟರಿಂದ ಒಂದು ಸತ್ಯ ಹೊರಪಡುತ್ತದೆ. ‘ಹೊಂದುತ್ತದೆ’ ಎಂಬುದು ಒಂದೇ ಪದವಾದರೂ ಒಂದೇ ಗುಣವಲ್ಲ. ತಳ ಹೊಂದಬೇಕು, ಕಾಲು ಗುಳಿಯಲ್ಲಿ ಕೂರಬೇಕು, ಚಿಲಕ ಹಿಡಿಯಬೇಕು, ಎತ್ತರ ಗೂಡಿಗೆ ಸರಿಯಾಗಬೇಕು. ನಾಲ್ಕರಲ್ಲಿ ಮೂರು ಹೊಂದಿ ಒಂದು ತಪ್ಪಿದರೂ ಕೊಂಡವನ ಪಾಲಿಗೆ ಅದು ಹೊಂದದ ಪೆಟ್ಟಿಗೆಯೇ. ಅದರಲ್ಲಿಯೂ ಚಿಲಕ ತಪ್ಪುವುದು ಅಪಾಯಕರ. ಗಾತ್ರ ಒಂದೇ ಎಂದು ಬೀಗವಿಲ್ಲದೆ ಒಂದರ ಮೇಲೊಂದನ್ನು ಇಟ್ಟು ಮಹಡಿಯ ಮೆಟ್ಟಿಲು ಹತ್ತುವವನ ಕೈಯಲ್ಲಿ ಇರುವುದು ಒಂದು ಅಟ್ಟಿಯಲ್ಲ, ಜಾರಲು ಸಮಯ ಕಾಯುತ್ತಿರುವ ಹಲವು ಭಾರಗಳು.

ಸಿಸ್ಟೇನರಿನ ಕಥೆ ಸಜ್ಜನರ ಕಥೆ. ಜಪಾನಿನ ಮಕೀಟ ಸಂಸ್ಥೆಯ ‘ಮ್ಯಾಕ್‌ಪ್ಯಾಕ್’ ಪೆಟ್ಟಿಗೆಗಳೂ ಅದರೊಡನೆ ಬೆಸೆಯುವಂತೆ ತಯಾರಾದವು. ಆದರೆ ಎಲ್ಲೆಡೆಯೂ ಈ ಸೌಹಾರ್ದವಿಲ್ಲ. ಅಮೆರಿಕದ ಡಿವಾಲ್ಟ್ ಸಂಸ್ಥೆಯಲ್ಲಿ ‘ಟೀ-ಸ್ಟ್ಯಾಕ್’ ಎಂದೂ ‘ಟಫ್‌ಸಿಸ್ಟಮ್’ ಎಂದೂ ಎರಡು ಕುಲಗಳಿವೆ. ಒಂದೇ ಮನೆತನದವಾದರೂ ನಡುವೆ ಒಂದು ಜೋಡಣೆಯ ಹಲಗೆಯಿಲ್ಲದೆ ಒಂದನ್ನೊಂದು ಹಿಡಿಯುವುದಿಲ್ಲ. 2017ರಲ್ಲಿ ಮಿಲ್ವಾಕಿ ಸಂಸ್ಥೆ ತಂದ ‘ಪ್ಯಾಕೌಟ್’ ಬೇರೆಯವರ ಚಿಲಕಗಳ ಪರಿಚಯವನ್ನೇ ಇಟ್ಟುಕೊಂಡಿಲ್ಲ. ಇದರ ಮರ್ಮ ಕಷ್ಟದ್ದೇನಲ್ಲ. ಮೊದಲ ಪೆಟ್ಟಿಗೆಯನ್ನು ಯಾರಿಂದ ಕೊಂಡನೋ ಎರಡನೆಯದನ್ನೂ ಹತ್ತನೆಯದನ್ನೂ ಅವರಿಂದಲೇ ಕೊಳ್ಳಬೇಕಾದ ಕಟ್ಟುಪಾಡು ಆ ಚಿಲಕದಲ್ಲಿದೆ. ಚಿಲಕ ಪೆಟ್ಟಿಗೆಗೆ ಹಾಕಿದ್ದಲ್ಲ, ಕೊಂಡವನಿಗೆ ಹಾಕಿದ್ದು.

ಹೀಗೆ ಬೇರೆ ಬೇರೆಯವರ ಪೆಟ್ಟಿಗೆಗಳು ಒಂದಕ್ಕೊಂದು ಹೊಂದದೆ ಹೋದದ್ದು ಇದೇ ಮೊದಲಲ್ಲ. ಹಡಗು, ರೈಲು, ಲಾರಿಗಳ ಮೇಲೆ ಸಾಗುವ ಉಕ್ಕಿನ ಕಂಟೇನರುಗಳು ಇದೇ ಸಂಕಟವನ್ನು ಇದಕ್ಕಿಂತ ಬೃಹತ್ತಾದ ಪ್ರಮಾಣದಲ್ಲಿ ಅನುಭವಿಸಿದ್ದವು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಸಾರಿಗೆಯ ಉದ್ಯಮಿ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಕಂಟೇನರುಗಳನ್ನು ಅಮೆರಿಕದ ನ್ಯೂಆರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಮುಂದೆ ಅವನ ಸಂಸ್ಥೆಯ ಕಂಟೇನರಿನ ಉದ್ದ 35 ಅಡಿ ಎಂದು ನೆಲೆನಿಂತಿತು. ಹವಾಯಿ ದ್ವೀಪಗಳಿಗೆ ಹಡಗು ನಡೆಸುತ್ತಿದ್ದ ಮ್ಯಾಟ್ಸನ್ ಸಂಸ್ಥೆಯದು 24 ಅಡಿ. ಇವನ ಕಂಟೇನರ್ ಅವನ ಹಡಗಿಗಾಗದು. ಅವನ ಬೀಗಕ್ಕೆ ಇವನ ಮೂಲೆ ಒಗ್ಗದು.

ಈ ತೊಡಕನ್ನು ಬಿಡಿಸಿದ್ದು ಒಂದು ಉದಾರ ಬುದ್ಧಿ. ಕೀತ್ ಟ್ಯಾಂಟ್ಲಿಂಗರ್ ಎಂಬ ಎಂಜಿನಿಯರು ಮೆಕ್‌ಲೀನನ ಸಂಸ್ಥೆಗಾಗಿ ಕಂಟೇನರಿನ ಮೂಲೆಗಳಲ್ಲಿ ತಿರುಗಿಸಿ ಬಿಗಿಯುವ ಬೀಗವನ್ನು ರೂಪಿಸಿದ್ದ. 1963ರಲ್ಲಿ ಆ ಸಂಸ್ಥೆ ಅದರ ಪೇಟೆಂಟ್ ಹಕ್ಕನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಅದೇ ಬೀಗದ ತತ್ತ್ವವನ್ನು ಆಧರಿಸಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಮಿತಿ 1965ರಲ್ಲಿ ಒಂದು ಮಾದರಿಯನ್ನು ಒಪ್ಪಿತು. ಪರೀಕ್ಷೆಗಳಲ್ಲಿ ಅದು ಭಾರ ತಡೆಯದೆ ಹೋದಾಗ 1967ರಲ್ಲಿ ತಿದ್ದಬೇಕಾಯಿತು. ಅಷ್ಟರೊಳಗೆ ತಯಾರಾಗಿದ್ದ ಕಂಟೇನರುಗಳ ಮೂಲೆಗಳನ್ನು ಕಿತ್ತು ಹೊಸದಾಗಿ ಬೆಸುಗೆ ಹಾಕುವ ಖರ್ಚು ತಲೆಯ ಮೇಲೆ ಬಿತ್ತು. ಏಕರೂಪತೆ ಬಿಟ್ಟಿ ಬರುವುದಿಲ್ಲ. ತಡವಾದಷ್ಟೂ ಅದರ ಬೆಲೆ ಏರುತ್ತದೆ. ಇಂದು ಬೆಂಗಳೂರಿನ ವೈಟ್‌ಫೀಲ್ಡಿನ ಕಂಟೇನರ್ ನೆಲೆಯಲ್ಲಿ ಯಾವ ಯಾವುದೋ ದೇಶದ, ಯಾವ ಯಾವುದೋ ವಯಸ್ಸಿನ ಕಂಟೇನರುಗಳು ಒಂದರ ಮೇಲೊಂದು ನಿಶ್ಚಿಂತೆಯಿಂದ ಕೂತಿರುವುದು ಆ ಒಪ್ಪಂದದ ಫಲ.

ಉಪಕರಣದ ಪೆಟ್ಟಿಗೆಗಳಿಗೆ ಅಂಥ ಸರ್ವಸಮ್ಮತ ಬೀಗ ಇನ್ನೂ ಒದಗಿಲ್ಲ. ಹಾಗೆಂದು ತಯಾರಕರನ್ನೇ ದೂರುವುದೂ ನ್ಯಾಯವಲ್ಲ. ಹಳೆಯ ನಾಲ್ಕು ಚಿಲಕಗಳಿಗೇ ಜೋತುಬಿದ್ದಿದ್ದರೆ ಕೆಳಗಿನ ಪೆಟ್ಟಿಗೆಯನ್ನು ತೆರೆಯಲು ಇಂದಿಗೂ ಅಟ್ಟಿಯನ್ನು ಕೆಡವಬೇಕಾಗಿತ್ತು. ಬದಲಾವಣೆ ಬೇಡವೆನ್ನುವುದು ಜಡತನ. ಹಿಂದೆ ಕೊಂಡವನನ್ನು ಲೆಕ್ಕಕ್ಕೇ ಹಿಡಿಯದೆ ಬದಲಾಯಿಸುವುದು ಕೃತಘ್ನತೆ. ಇವೆರಡರ ನಡುವಣ ಕಿರುದಾರಿಯಲ್ಲಿ ನಡೆಯುವುದೇ ಒಳ್ಳೆಯ ತಯಾರಕನ ಲಕ್ಷಣ.

ಕೊಳ್ಳುವವನಿಗೂ ಒಂದಿಷ್ಟು ಎಚ್ಚರ ಸಲ್ಲುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಪೆಟ್ಟಿಗೆಯೊಂದನ್ನು ಜೊತೆಗೆ ಒಯ್ಯುವುದು ಲೇಸು. ಹೊಸದನ್ನು ಹಳೆಯದರ ಮೇಲೆ ಕೂರಿಸಿ ನೋಡಬೇಕು. ಬಳಿಕ ಹಳೆಯದನ್ನು ಹೊಸದರ ಮೇಲೆ. ಒಂದು ಬಗೆಯಲ್ಲಿ ಹೊಂದಿದ್ದು ಇನ್ನೊಂದು ಬಗೆಯಲ್ಲಿ ಹೊಂದೀತೆಂಬ ಭರವಸೆಯಿಲ್ಲ. ಚಿಲಕ ಬಿಗಿದು, ಮೇಲಿನ ಹಿಡಿಯನ್ನು ಹಿಡಿದು, ಎರಡನ್ನೂ ನೆಲದಿಂದ ಗೇಣುದ್ದ ಎತ್ತಿ ನೋಡಬೇಕು. ಮನೆಯಲ್ಲಿ ಗೂಡಿದ್ದರೆ ಅದರ ಎತ್ತರವನ್ನು ಬರೆದುಕೊಂಡು ಹೋಗಬೇಕು. ಹಳೆಯವು ಸಾಕಷ್ಟಿದ್ದು ಹೊಸದು ಹೊಂದದಿದ್ದರೆ, ಮನೆಯಲ್ಲಿ ನಿಲ್ಲುವ ಅಟ್ಟಿಗೆ ಹಳೆಯವನ್ನೂ ಕೆಲಸಕ್ಕೆ ಹೊರಡುವ ಅಟ್ಟಿಗೆ ಹೊಸದನ್ನೂ ಬೇರೆಯಾಗಿಯೇ ಇಡುವುದು ಜಾಣತನ. ಬೇರೆ ಬಿಡಾರದಲ್ಲಿ ಸುಖವಾಗಿರುವ ಸಂಸಾರಗಳೂ ಇಲ್ಲದಿಲ್ಲ.

ಹೊಸದನ್ನು ಮಾಡುವುದು ಬುದ್ಧಿಯ ಕೆಲಸ. ಹಳೆಯದಕ್ಕೆ ಹೊಂದುವಂತೆ ಹೊಸದನ್ನು ಮಾಡುವುದು ಬುದ್ಧಿಯ ಜೊತೆಗೆ ದಾಕ್ಷಿಣ್ಯವೂ ಇರುವವರ ಕೆಲಸ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಕೊಂಡ ಪೆಟ್ಟಿಗೆಯೊಂದು ಇಂದಿನ ಪೆಟ್ಟಿಗೆಯ ತಳಕ್ಕೆ ‘ಟಕ್’ ಎಂದು ಕಚ್ಚಿಕೊಂಡಾಗ ಕೇಳುವ ಸದ್ದು ಬರಿಯ ಪ್ಲಾಸ್ಟಿಕ್ಕಿನದಲ್ಲ. ಎಂದೋ ಹಣ ಕೊಟ್ಟುಹೋದ ಗಿರಾಕಿಯನ್ನು ಯಾರೋ ನೆನಪಿಟ್ಟುಕೊಂಡಿದ್ದಾರೆಂಬುದಕ್ಕೆ ಅದು ಸಾಕ್ಷಿ.