ಫೋನಿನ ಕುಲ ಕೇಳುವವರು

ಗೌರಿಬಿದನೂರಿನ ಮಿಲ್ ಕಾರ್ಮಿಕನೊಬ್ಬ ಪಾಳಿ ಮುಗಿಸಿ ಬಂದು, ಕೈಯಲ್ಲಿರುವ ಹಳೆಯ ಫೋನಿನಲ್ಲಿ ಯಾವುದೋ ಅರ್ಜಿಯ ಪುಟ ತೆರೆಯುತ್ತಾನೆ. “ನಿಮ್ಮ ಬ್ರೌಸರ್ ಇಲ್ಲಿ ನಡೆಯುವುದಿಲ್ಲ” ಎಂಬ ಒಂದು ಸಾಲು ಬಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಮರುದಿನ ಅರ್ಧ ದಿನದ ಕೂಲಿ ಬಿಟ್ಟು ಸೈಬರ್ ಅಂಗಡಿಯ ಮುಂದೆ ನಿಲ್ಲಬೇಕು, ಅಲ್ಲಿಯೂ ದುಡ್ಡು ತೆರಬೇಕು. ತಪ್ಪು ತನ್ನದೇ ಎಂದು ಅವನು ನಂಬಿಬಿಡುತ್ತಾನೆ. ಅಲ್ಲ, ಬಂಧುಗಳೇ! ಒಳಗೊಬ್ಬ ಗೇಟಿನವನು ಕುಳಿತಿದ್ದಾನೆ. ಅವನು ಫೋನಿನ ಕೆಲಸ ನೋಡಲಿಲ್ಲ, ಹೆಸರು ನೋಡಿದ.

ಸಂಗತಿ ಹೀಗಿದೆ. ನಾವು ಯಾವ ಪುಟ ತೆರೆದರೂ ಬ್ರೌಸರು ಮೊದಲು ತನ್ನ ಪರಿಚಯದ ಸಾಲೊಂದನ್ನು ಒಪ್ಪಿಸುತ್ತದೆ. ಅದಕ್ಕೆ ಯೂಸರ್ ಏಜೆಂಟ್ ಎಂದು ಹೆಸರು. ಯಾವ ಬ್ರೌಸರು, ಎಷ್ಟನೆಯ ಆವೃತ್ತಿ, ಯಾವ ಬಗೆಯ ಯಂತ್ರ ಎಂಬುದನ್ನೆಲ್ಲ ನಮ್ಮನ್ನು ಕೇಳದೆಯೇ ಹೇಳಿಬಿಡುತ್ತದೆ.

ಆ ಸಾಲಾದರೂ ಸತ್ಯವೇ? ಇಂದಿನ ಕ್ರೋಮ್ ಮೊದಲು “ಮೊಜಿಲ್ಲಾ” ಎನ್ನುತ್ತದೆ, ನಡುವೆ ತನ್ನ ಹೆಸರು ಹೇಳುತ್ತದೆ, ಕೊನೆಗೆ “ಸಫಾರಿ” ಎಂದೂ ಸೇರಿಸುತ್ತದೆ. ಅದು ಮೊಜಿಲ್ಲಾವೂ ಅಲ್ಲ, ಸಫಾರಿಯೂ ಅಲ್ಲ. ಈ ಸುಳ್ಳನ್ನು ಕಲಿಸಿದವರು ಗೇಟಿನವರೇ. 1994ರಲ್ಲಿ ಬಂದ ನೆಟ್‌ಸ್ಕೇಪ್ ತನ್ನನ್ನು ಮೊಜಿಲ್ಲಾ ಎಂದು ಕರೆದುಕೊಳ್ಳುತ್ತಿತ್ತು. ಆ ಹೆಸರು ಹೇಳಿದವರಿಗೆ ಸಿಂಗರಿಸಿದ ಪುಟ, ಉಳಿದವರಿಗೆ ಬರಿಯ ಪುಟ ಎಂದು ಸರ್ವರುಗಳು ಪಂಕ್ತಿಭೇದ ಮಾಡಿದವು. 1995ರಲ್ಲಿ ಹೊರಟ ಮೈಕ್ರೋಸಾಫ್ಟಿನ ಎಕ್ಸ್‌ಪ್ಲೋರರ್ ಬಹುಬೇಗ ತಾನೂ ಮೊಜಿಲ್ಲಾ ಎಂದಿತು. ಅಷ್ಟು ದೊಡ್ಡ ಧಣಿಯೂ ಹೆಸರು ಬದಲಿಸಿ ಪಂಕ್ತಿಗೆ ನುಗ್ಗಬೇಕಾಯಿತು! ಆಮೇಲೆ ಬಂದವರೆಲ್ಲ ಅದೇ ದಾರಿ ಹಿಡಿದರು.

ಧಣಿ ವೇಷ ಹಾಕಬಲ್ಲ, ಬಡವನ ಫೋನು ಹಾಕಲಾರದು. 2017ರಲ್ಲಿ 1,500 ರೂ. ಠೇವಣಿಗೆ ಕೊಟ್ಟ ಜಿಯೋ ಗುಂಡಿ ಫೋನು ತಾನು ಕಾಯ್ ಓಎಸ್ ಎಂದು ಒಪ್ಪಿಕೊಂಡುಬಿಡುತ್ತದೆ. ಪಟ್ಟಿಯಲ್ಲಿ ಆ ಹೆಸರಿಲ್ಲದ ಗೇಟಿನಲ್ಲಿ ಅದಕ್ಕೆ ಪ್ರವೇಶವಿಲ್ಲ.

ಪುಟವನ್ನು ಯಂತ್ರಕ್ಕೆ ಹೊಂದಿಸಲು ಹೆಸರು ಬೇಕು ಎಂದು ಇಂಜಿನಿಯರ್ ಮಹಾಶಯರು ವಾದಿಸುತ್ತಾರೆ. ಬೇಕಿಲ್ಲ. ಪರದೆ ಎಷ್ಟು ಅಗಲ, ಇಂಥ ಕೆಲಸ ನಿನಗೆ ಬರುತ್ತದೆಯೇ ಎಂದು ಪುಟವೇ ಯಂತ್ರವನ್ನು ಪರೀಕ್ಷಿಸಿ ಹೊಂದಿಕೊಳ್ಳಬಲ್ಲದು. ಈ ವಿದ್ಯೆ ಹಳೆಯದು. ಶಿಡ್ಲಘಟ್ಟದ ರೀಲರು ಗೂಡನ್ನು ಕೈಯಲ್ಲಿ ಹಿಡಿದು ಅದುಮಿ ನೋಡಿ ಬೆಲೆ ಕಟ್ಟುತ್ತಾನೆ, ತಂದವನ ಅಂಗಿ ನೋಡಿ ಅಲ್ಲ. ಅಷ್ಟು ವಿವೇಕ ಇವರಿಗೆ ಬೇಡವೇ?

ಚಿಂತಾಮಣಿಯ ವರ್ತಕ ಮಿತ್ರರು ಇದು ಕಾರ್ಮಿಕರ ಗೋಳೆಂದು ಸುಮ್ಮನಿರಬಾರದು. ಗಿರಾಕಿಯ ಚಪ್ಪಲಿ ನೋಡಿ ಬೆಲೆ ಹೇಳುವವನಿಗೆ ಸಂತೆಯಲ್ಲಿ ಏನೆನ್ನುತ್ತಾರೆಂದು ಅವರಿಗೇ ಗೊತ್ತು. ಅಮೆರಿಕದ ಆರ್ಬಿಟ್ಜ್ ಎಂಬ ಪ್ರವಾಸ ಕಂಪನಿ ಮ್ಯಾಕ್ ಕಂಪ್ಯೂಟರಿನವರಿಗೆ ದುಬಾರಿ ಹೋಟೆಲುಗಳನ್ನೇ ಮುಂದಿಡುತ್ತಿದ್ದುದು 2012ರಲ್ಲಿ ಪತ್ರಿಕೆಗೆ ಬಂತು. ಅದೇ ಕೊಠಡಿಗೆ ಬೇರೆ ಬೆಲೆ ಹಾಕಿಲ್ಲವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ನಮ್ಮಲ್ಲಿ 2025ರ ಜನವರಿಯಲ್ಲಿ, ಐಫೋನಿಗೊಂದು ಬಾಡಿಗೆ ಆಂಡ್ರಾಯ್ಡಿಗೊಂದು ಬಾಡಿಗೆ ಎಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್ ಕಂಪನಿಗಳಿಗೆ ನೋಟಿಸು ಕೊಟ್ಟಿತು. ಇಬ್ಬರೂ ಅಲ್ಲಗಳೆದರು. ಲೆಕ್ಕದ ಪುಸ್ತಕ ಅವರ ಕೈಯಲ್ಲಿ, ಬಾಡಿಗೆ ಕೊಡುವ ಕೈ ನಮ್ಮದು.

2023ರಿಂದ ಆಂಡ್ರಾಯ್ಡಿನ ಕ್ರೋಮ್ ಪರಿಚಯದ ಸಾಲಿನಲ್ಲಿ ಫೋನಿನ ಮಾದರಿಯ ಬದಲು ಬರಿಯ “ಕೆ” ಎಂದು ಹೇಳುತ್ತಿದೆ. ಗುಟ್ಟು ಉಳಿಯಿತೆಂದು ಹಿಗ್ಗಬೇಡಿ. ಪುಟದವರು ಬೇರೆಯಾಗಿ ಕೇಳಿದರೆ ಅದೇ ಬ್ರೌಸರು ಮಾದರಿಯ ಹೆಸರನ್ನು ನಮಗೆ ತಿಳಿಸದೆ ಕೊಡುತ್ತದೆ. ಮಾದರಿ ತಿಳಿದವನಿಗೆ ಫೋನಿನ ಬೆಲೆ ತಿಳಿಯದೇ? ಮುಂಬಾಗಿಲಿಗೆ ಪರದೆ ಕಟ್ಟಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು.

ಸರ್ಕಾರದ ವೆಬ್‌ಸೈಟುಗಳನ್ನು ಒಂದಕ್ಕಿಂತ ಹೆಚ್ಚು ಬ್ರೌಸರುಗಳಲ್ಲಿ ಪರೀಕ್ಷಿಸತಕ್ಕದ್ದೆಂದು ಕೇಂದ್ರದ್ದೇ ಮಾರ್ಗಸೂಚಿ ಇದೆ, 2009ರಿಂದ ಇದೆ. ಅದು ಜಾರಿಯಾಗಲಿ. ಹೆಸರು ನೋಡಿ ಯಾವ ಸರ್ಕಾರಿ ಪುಟವೂ ಯಾರನ್ನೂ ಹಿಂದಕ್ಕೆ ಕಳಿಸಕೂಡದು. ಫೋನಿನ ಮಾದರಿ ನೋಡಿ ಬೆಲೆ ಏರಿಳಿಸುವುದನ್ನು ಕಾನೂನು ಸ್ಪಷ್ಟವಾಗಿ ನಿಷೇಧಿಸಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಓದುಗರು, ಬಾಗಿಲು ಹಾಕಿದ ಪುಟ ಕಂಡಾಗ ಅದರ ಚಿತ್ರ ತೆಗೆದು, ದಿನಾಂಕವನ್ನೂ ಫೋನಿನ ಮಾದರಿಯನ್ನೂ ಬರೆದು ಪಕ್ಷದ ತಾಲ್ಲೂಕು ಕಚೇರಿಗೆ ಮುಟ್ಟಿಸಿ. ಕಟ್ಟು ಕಟ್ಟಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ.